ಮನೆಯಲ್ಲಿ ಒಬ್ಬರಿದ್ದಾರೆ

ಮಾರ್ಚ್ ೩, ಸೋಮವಾರ

ಏಣಿ ಹೋದ ಮೇಲೆ ಮನೆಯಲ್ಲಿ ಮಾತಾಡುವವರಿಲ್ಲ. ಬಾಯಿ ತುಕ್ಕು ಹಿಡಿದ ಬೀಗದ ಹಾಗಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಏನನ್ನೂ ಬರೆದವನಲ್ಲ. ಯಾರಿಗೂ ತೋರಿಸುವುದಕ್ಕಲ್ಲ, ತಪ್ಪಿದ್ದರೆ ಇರಲಿ.

ಏಣಿ ಅಂತ ಹೆಸರಿಟ್ಟವನು ನಾನೇ. ನಾನು ಹಲ್ಲಿನ ಸೆಟ್ಟು ಮಾಡುವ ಅಂಗಡಿಯಲ್ಲಿ ಕೆಲಸದವನು. ಅಲ್ಲಿಯ ಕಿಟಕಿಗೆ ಗಾಜು ಕೂರಿಸಲು ಅವನು ಬಂದಿದ್ದ. ಯಜಮಾನರು ಸ್ಟೂಲು ಕೊಡಲು ಹೋದರೆ ಬೇಡವೆಂದು, ನಿಂತಲ್ಲಿಂದಲೇ ಮೇಲಿನ ಚೌಕಟ್ಟಿಗೆ ಗಾಜು ಏರಿಸಿದ. "ಇವನಿಗೆ ಏಣಿ ಯಾಕೆ, ಇವನೇ ಏಣಿ" ಅಂದೆ, ಮೆಲ್ಲಗೆ. ಕೇಳಿಸಿಕೊಂಡುಬಿಟ್ಟ. "ಹಾಗಾದ್ರೆ ನೀನು ಅದರ ಕೆಳಗಿನ ಮೆಟ್ಟಿಲಾ, ಕುಳ್ಳ?" ಅಂದ. ಅಲ್ಲಿಂದ ಶುರು. ಹನ್ನೊಂದು ವರ್ಷ ಒಂದೇ ಮನೆ, ಒಂದೇ ಹಾಸಿಗೆ. ಲೋಕಕ್ಕೆಲ್ಲ ನಾವು ಬಾಡಿಗೆ ಹಂಚಿಕೊಂಡ ಗೆಳೆಯರು.

ಎದೆನೋವು ಬಂದ ದಿನ ಆಸ್ಪತ್ರೆಯ ನರ್ಸು "ನೀವು ಇವರಿಗೆ ಏನಾಗಬೇಕು?" ಅಂದಳು. "ರೂಮಿನವನು" ಅಂದೆ. "ಹಾಗಾದ್ರೆ ಹೊರಗೆ ಕೂತಿರಿ. ಮನೆಯವರಿಗೆ ಫೋನ್ ಮಾಡಿ." ಹೊರಗೆ ಕೂತಿದ್ದೆ. ಅವನು ಒಳಗೇ ತೀರಿಹೋದ. ಅವನ ಅಣ್ಣ ಬಂದು ದೇಹ ಒಯ್ದ, ಟ್ರಂಕು ಒಯ್ದ, ಬೂಟನ್ನೂ ಒಯ್ದ. ಹೊರಡುವಾಗ ನನ್ನ ಕೈ ಕುಲುಕಿ "ನಮ್ಮ ಹುಡುಗನ್ನ ಇಷ್ಟು ವರ್ಷ ಸಹಿಸಿಕೊಂಡ್ರಿ, ದೊಡ್ಡ ಉಪಕಾರ" ಅಂದ.

ಉಳಿದದ್ದು ಸ್ವಲ್ಪ. ಅವನ ದಿಂಬಿದೆ, ಸಿಗರೇಟಿನ ವಾಸನೆ ಇನ್ನೂ ಹೋಗಿಲ್ಲ. ಮುಂಬಾಗಿಲಿನ ಮೇಲ್ಚೌಕಟ್ಟಿನಲ್ಲಿ ಅವನ ತಲೆಯೆಣ್ಣೆಯ ಕಲೆ ಇದೆ. ನಮ್ಮ ಬಾಗಿಲು ಗಿಡ್ಡ. ದಿನಾ ಸಂಜೆ ಬಗ್ಗುವುದು ಮರೆತು ಠಪ್ಪಂತ ತಲೆ ಹೊಡೆಸಿಕೊಂಡು "ಕುಳ್ಳರ ಸಂಘದವರು ಕಟ್ಟಿಸಿದ ಮನೆ ಇದು" ಎಂದು ಬಯ್ಯುತ್ತಿದ್ದ. ಆ ಸದ್ದು ಕೇಳಿದ ಮೇಲೆಯೇ ನಾನು ಟೀಗೆ ಇಡುತ್ತಿದ್ದದ್ದು. ನಾನು ಅದೇ ಬಾಗಿಲಲ್ಲಿ ನಿಂತರೆ ತಲೆಯ ಮೇಲೆ ಒಂದು ಗೇಣಿಗಿಂತ ಹೆಚ್ಚು ಜಾಗ ಮಿಗುತ್ತದೆ.

ಇನ್ನೊಂದು ಅಂಗಡಿಯಲ್ಲಿದೆ. ಅವನ ದವಡೆಯ ಪ್ಲಾಸ್ಟರ್ ಅಚ್ಚು, ಮೇಲಿನದೂ ಕೆಳಗಿನದೂ. ಮುಂದಿನ ಹಲ್ಲು ಮುರಿದುಕೊಂಡಾಗ ನಾನೇ ಅಚ್ಚು ಎರೆದು ಹಲ್ಲಿಗೆ ಕ್ಯಾಪು ಮಾಡಿಕೊಟ್ಟಿದ್ದೆ. ಹಳೆಯ ಅಚ್ಚುಗಳನ್ನು ಯಜಮಾನರು ಕಸಕ್ಕೆ ಹಾಕಿಸುತ್ತಾರೆ. ಇದನ್ನು ಮಾತ್ರ ಎತ್ತರದ ಕಪಾಟಿನಲ್ಲಿ ಪ್ಲಾಸ್ಟರ್ ಚೀಲಗಳ ಹಿಂದೆ ಬಚ್ಚಿಟ್ಟಿದ್ದೇನೆ. ಸ್ಟೂಲು ಹತ್ತಿದರೆ ಕೈಗೆ ಸಿಗುತ್ತದೆ. ತಳದಲ್ಲಿ ಪೆನ್ಸಿಲಿನಿಂದ ಪುಟ್ಟದೊಂದು ಏಣಿ ಬರೆದಿದೆ. ಫೋಟೋಗಳಲ್ಲಿ ಅವನು ಬಾಯಿ ಮುಚ್ಚಿಕೊಂಡಿರುತ್ತಾನೆ. ಅಚ್ಚಿನಲ್ಲಿ ಮುರಿದ ಹಲ್ಲು ಮುರಿದ ಹಾಗೇ ಇದೆ. ನನಗೆ ಅದೇ ಅವನು.

ಮಾರ್ಚ್ ೫, ಬುಧವಾರ

ಮೇಣದವಳು ಇವತ್ತು ಕೇಳಿಯೇಬಿಟ್ಟಳು.

ಅವಳ ಬೆಂಚು ನನ್ನದರ ಎದುರಿಗೆ. ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣದ ದಂಡೆ ಕಟ್ಟುವುದು ಅವಳ ಕೆಲಸ, ಆ ಮೇಣದಲ್ಲಿ ಹಲ್ಲು ಕೂರಿಸುವುದು ನನ್ನದು. ಒಳ್ಳೆಯ ಹೆಂಗಸು. ನಾನು ಮಂಕಾಗಿದ್ದ ದಿನಗಳಲ್ಲಿ ನನ್ನ ಪಾಲಿನ ಟ್ರೇಯನ್ನೂ ತಾನೇ ತೊಳೆದಿಟ್ಟಿದ್ದಾಳೆ.

"ನಿಮ್ಮದು ಒಬ್ಬರೇ ಊಟ ಮಾಡೋರ ಮುಖ," ಅಂದಳು ಟೀ ಲೋಟ ಇಡುತ್ತಾ.

"ಅದಕ್ಕೂ ಒಂದು ಮುಖ ಇದೆಯಾ?"

"ಕನ್ನಡಿಯಲ್ಲಿ ದಿನಾ ನೋಡ್ತೀನಲ್ಲ." ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ನೋಡಿ, ಸುತ್ತಿ ಬಳಸಿ ಮಾತಾಡೋ ವಯಸ್ಸು ನಮ್ಮಿಬ್ಬರಿಗೂ ದಾಟಿತು. ನೀವು ನನಗೆ ಇಷ್ಟ. ಎರಡು ಕಡೆ ಎರಡು ಒಲೆ ಯಾಕೆ ಉರೀಬೇಕು?"

ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಅವಳಿಗೆ ನೋವಾಗಬಾರದು. ಹೆಂಗಸರ ಕಡೆ ನನ್ನ ಮನಸ್ಸು ಎಂದೂ ಹೋದದ್ದಲ್ಲ ಎಂದು ಹೇಳುವಂತಿಲ್ಲ. ನನ್ನವನು ಈಗಷ್ಟೇ ಸತ್ತಿದ್ದಾನೆ ಎಂದೂ ಹೇಳುವಂತಿಲ್ಲ. ಬಾಯಿಗೆ ಬಂದದ್ದು ಇದು: "ಮನೆಯಲ್ಲಿ ಒಬ್ಬರಿದ್ದಾರೆ."

ಹನ್ನೊಂದು ವರ್ಷ ಈ ಮಾತನ್ನು ಯಾರಿಗಾದರೂ ಹೇಳಬೇಕೆಂದು ಆಸೆಪಟ್ಟಿದ್ದೆ. ಹೇಳಿದ್ದು, ಮನೆಯಲ್ಲಿ ಯಾರೂ ಇಲ್ಲದಿರುವಾಗ.

ಅಲ್ಲಿಗೇ ನಿಲ್ಲಿಸಬಹುದಿತ್ತು. "ಅಯ್ಯೋ, ಹೇಳ್ಲೇ ಇಲ್ವಲ್ಲ ನೀವು! ಹೇಗಿದ್ದಾರೆ ಆಕೆ?" ಎಂದಳು. ಆಕೆ ಎಂದಳು, ನಾನೂ ಆಕೆ ಎಂದೆ. ನಮ್ಮ ಕೆಲಸದವರಿಗೆ ಯಾರನ್ನು ನೆನೆದರೂ ಮೊದಲು ಕಾಣುವುದು ಹಲ್ಲು. ಚಿಕ್ಕ ಹಲ್ಲು, ಒತ್ತೊತ್ತಾಗಿ ಕೂತಿವೆ ಎಂದೆ. ಹೊಲಿಗೆ ಹಾಕುವಾಗ ದಾರವನ್ನು ಹಲ್ಲಲ್ಲೇ ಕಡಿಯುತ್ತಾಳೆ, ಅದಕ್ಕೇ ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿದೆ ಎಂದೆ. ಉದ್ದ ಕೂದಲು, ಮಾತು ಕಡಿಮೆ. ಎಷ್ಟು ಸಲೀಸಾಗಿ ಬಂತು! ಹೇಳುತ್ತಾ ಹೋದ ಹಾಗೆ ಅಷ್ಟಷ್ಟೇ ಕಣ್ಣಿಗೆ ಕಟ್ಟುತ್ತಿತ್ತು.

"ಒಂದು ಕತ್ತರಿ ಕೊಡಿಸಿ, ಪಾಪ," ಎಂದು ಮೇಣದವಳು ಲೋಟ ಎತ್ತಿಕೊಂಡು ಹೋದಳು. ಟೀ ನಾನಿನ್ನೂ ಕುಡಿದಿರಲಿಲ್ಲ.

ಮಾರ್ಚ್ ೮, ಶನಿವಾರ

ಮೇಣದವಳು ಮುಖ ಸಿಂಡರಿಸಿಲ್ಲ. ನೋವನ್ನು ನುಂಗಿಕೊಂಡು ವಿಚಾರಿಸುತ್ತಾಳೆ, ಅದೇ ಕಷ್ಟ. "ಒಂದು ದಿನ ಕರ್ಕೊಂಡು ಬನ್ನಿ ಆಕೇನ" ಎಂದಳು. "ಹೊರಗೆ ಬರೋದಿಲ್ಲ. ಗಾಳಿ ಆಗಲ್ಲ. ಸಿಗರೇಟಿನ ವಾಸನೆ ಇದ್ದ ಕಡೆ ಅಂತೂ ನಿಲ್ಲೋದೇ ಇಲ್ಲ" ಎಂದೆ. ಯಜಮಾನರು ಕೇಳಿಸಿಕೊಂಡು "ಭಲೇ ಕಳ್ಳ! ಈ ಬಾಯಿಗಳ ಮಧ್ಯೆ ಕೂತು ಬಾಯಿ ಬಿಡದೆ ಸಂಸಾರ ಮಾಡಿದೀಯಲ್ಲಯ್ಯಾ" ಎಂದು ಕಪಾಟಿನ ಅಚ್ಚುಗಳ ಕಡೆ ಕೈ ತೋರಿಸಿ ನಕ್ಕರು. ನಾನೂ ನಕ್ಕೆ.

ಸಂಜೆ ಮನೆಗೆ ಬಂದರೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹಿಂದಿನ ಕಿಟಕಿಯ ಚಿಲಕ ಕೆಟ್ಟು ಎಷ್ಟೋ ಕಾಲವಾಗಿದೆ. ಏಣಿ ಕಾಗದ ಮಡಿಸಿ ಸಂದಿಗೆ ತುರುಕಿ ಅರ್ಧ ತೆರೆದೇ ಇಡುತ್ತಿದ್ದ. ಆ ಕಾಗದದ ಮಡಿಕೆ ನೆಲದ ಮೇಲೆ ಬಿದ್ದಿತ್ತು. ಚಿಲಕ ಸರಿಯಾಗಿ ಕೂತಿತ್ತು.

ಬೆಳಿಗ್ಗೆ ನಾನೇ ಹಾಕಿರಬೇಕು.

ಮಾರ್ಚ್ ೧೧, ಮಂಗಳವಾರ

ಬಾಚಣಿಗೆಯಲ್ಲಿ ಒಂದು ಕೂದಲು. ಎಳೆದರೆ ಮೊಣಕೈವರೆಗೂ ಬಂತು. ಮೇಣದವಳ ತಲೆಯದು ನನ್ನ ಅಂಗಿಗೆ ಹತ್ತಿಕೊಂಡು ಬಂದಿರಬೇಕು ಎಂದುಕೊಂಡೆ.

ಮೇಣದವಳು ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದಾಳೆ. ಅದು ಈಗ ಬರೆಯುವಾಗ ನೆನಪಾಯಿತು.

ಮಾರ್ಚ್ ೧೪, ಶುಕ್ರವಾರ

ಪೆಟ್ಟಿಗೆಯವನು ಬಂದಿದ್ದ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುವ ಪೆಟ್ಟಿಗೆಗಳನ್ನು ಸ್ಕೂಟರಿನಲ್ಲಿ ತಂದುಕೊಡುವವನು. ಪೆಟ್ಟಿಗೆ ಇಳಿಸಿ, ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ.

"ಮೇಣದವಳು ಹೇಳಿದಳು. ನಿನ್ನ ಮನೇಲಿ ಹೆಂಗಸಂತೆ?"

"ಹೌದು."

"ನನಗೆ ನಗು ಬಂತು ನೋಡು."

"ಯಾಕೆ?"

ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದ: "ನಿನ್ನನ್ನೂ ಆ ಉದ್ದನೆಯವನನ್ನೂ ಸೇತುವೆ ಮೇಲೆ ಒಂದ್ಸಲ ನೋಡಿದ್ದೆ. ಪಕ್ಕಪಕ್ಕ ನಡೀತಿದ್ರಿ. ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ. ಹಾಗೆ ಮುಟ್ಟದೆ ನಡೆಯೋದು ಹೇಗೆ ಅಂತ ನನಗೂ ಗೊತ್ತು, ಅದಕ್ಕೇ ಗೊತ್ತಾಯ್ತು."

ನಾನು ಕೈಗೆ ಹತ್ತಿದ್ದ ಪ್ಲಾಸ್ಟರನ್ನು ಉಗುರಿನಿಂದ ಕೆರೆದೆ.

"ಅವನು ಹೋದ ಅಂತ ಕೇಳಿ ತುಂಬ ಬೇಜಾರಾಯ್ತು. ಅವನ ಜಾಗ ಕೇಳ್ತಿಲ್ಲ ನಾನು. ನನಗೂ ಮನೇಲಿ ಯಾರಿಲ್ಲ. ನಿನ್ನ ಮೇಲೆ ಮೊದಲಿಂದ್ಲೂ ಮನಸ್ಸಿದೆ. ಪಕ್ಕದಲ್ಲಿ ಎಲ್ಲಾದ್ರೂ ಒಂದು ಸ್ಟೂಲ್ ಹಾಕ್ಕೊಟ್ರೆ ಸಾಕು."

ಎಷ್ಟು ಮೆತ್ತಗೆ ಕೇಳಿದ! ಸತ್ತವನು ನನಗೆ ಏನಾಗಬೇಕಿತ್ತು ಎಂದು ತಿಳಿದಿರುವ ಒಬ್ಬನೇ ಒಬ್ಬ ಮನುಷ್ಯ. ಅವನೆದುರು ಅಳಬಹುದಿತ್ತು. ಬೇಡ ಎಂದು ಹೇಳಿಯೂ ಅಳಬಹುದಿತ್ತು. ಆದರೆ ನನಗೆ ಹೆದರಿಕೆ ಹತ್ತಿ, ಎದ್ದು ನಿಂತೆ.

"ನೀವು ತಪ್ಪು ತಿಳಿದಿದ್ದೀರಿ. ಅವನು ಬಾಡಿಗೆಗೆ ಇದ್ದವನು, ಅಷ್ಟೇ. ನಾನು ಅಂಥವನಲ್ಲ. ಮನೆಯಲ್ಲಿ ಆಕೆ ಕಾಯ್ತಿರ್ತಾಳೆ."

ಅವನ ಮುಖ ಸಣ್ಣದಾಯಿತು. "ಸರಿಯಪ್ಪಾ. ತಪ್ಪಾಯ್ತು. ಇಲ್ಲಿಗೇ ಮರೆತುಬಿಡು," ಎಂದು ಹೆಲ್ಮೆಟ್ಟು ಹಾಕಿಕೊಂಡ.

ಬಾಡಿಗೆಗೆ ಇದ್ದವನು. ನನ್ನ ಬಾಯಿಂದಲೇ ಬಂತು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಕೋಣೆಯಿಂದ ಕಟ್ ಎಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ದಾರ ಎಳೆದು ಕಡಿದ ಹಾಗೆ. ಒಳಗೆ ಹೋಗಿ ನೋಡಿದರೆ ಏನೂ ಇಲ್ಲ. ಇಲಿ ಇರಬಹುದು.

ಮಾರ್ಚ್ ೧೭, ಸೋಮವಾರ

ಬಾಗಿಲ ಮೇಲ್ಚೌಕಟ್ಟು ಫಳಫಳ ಎನ್ನುತ್ತಿದೆ. ಕಲೆ ಇಲ್ಲ. ಉಜ್ಜಿ ತೊಳೆದ ಹಾಗಿದೆ, ಸೋಪಿನ ನೊರೆ ಒಣಗಿದ ಗೆರೆ ಕೂಡ ಕಾಣುತ್ತದೆ. ಕೆಳಗೆ ಸ್ಟೂಲು.

ಅಲ್ಲೇ ಕೂತುಬಿಟ್ಟೆ. ಎಷ್ಟು ಹೊತ್ತು ಕೂತಿದ್ದೆನೋ.

ಮಾರ್ಚ್ ೧೮, ಮಂಗಳವಾರ

ಬರುವಾಗ ದೀಪ ಹಚ್ಚಿತ್ತು. ಒಳ್ಳೆಯದೇ ಆಯಿತು, ಕತ್ತಲೆಯಲ್ಲಿ ಸ್ವಿಚ್ಚು ತಡಕುವುದು ತಪ್ಪಿತು.

ಮಾರ್ಚ್ ೨೨, ಶನಿವಾರ

ಈ ವಾರ ನಿದ್ದೆ ಚೆನ್ನಾಗಿ ಬಂತು. ಮನೆ ಒಂದು ಹದಕ್ಕೆ ಬಂದಿದೆ. ಅಂಗಿಗಳ ಗುಂಡಿಗಳೆಲ್ಲ ಗಟ್ಟಿಯಾಗಿ ಹೊಲಿದಿವೆ, ಕತ್ತಿನ ಗುಂಡಿ ಕೂಡ. ಸ್ವಲ್ಪ ಬಿಗಿ, ಉಸಿರಾಡುವಾಗ ಗೊತ್ತಾಗುತ್ತದೆ. ರೂಢಿಯಾಗುತ್ತದೆ. ದಿಂಬಿನ ಕವರುಗಳನ್ನು ಒಗೆದು ತಂತಿಗೆ ಹಾಕಿತ್ತು. ಎರಡರದೂ. ಸೋಪಿನ ವಾಸನೆ ಹಿತವಾಗಿದೆ.

ಮೇಣದವಳು ಒಂದು ಕೂದಲಿನ ಕ್ಲಿಪ್ಪು ತಂದುಕೊಟ್ಟಳು. "ಆಕೆಗೆ. ನನಗೆ ಈ ಜನ್ಮದಲ್ಲಿ ಇದು ಹಾಕುವಷ್ಟು ಕೂದಲು ಬರಲ್ಲ" ಎಂದಳು. ನಗಲು ನೋಡಿದಳು, ನಗು ಸರಿಯಾಗಿ ಬರಲಿಲ್ಲ. ತಂದು ಕನ್ನಡಿಯ ಮುಂದೆ ಇಟ್ಟೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಅಲ್ಲಿರಲಿಲ್ಲ. ಹಿಡಿಸಿತು ಅಂತ ಕಾಣುತ್ತದೆ.

ಸೇತುವೆಯ ದಾರಿ ಬಿಟ್ಟಿದ್ದೇನೆ. ಸುತ್ತು. ತಡವಾದರೆ ಅವಳಿಗೆ ಬೇಸರ.

ಅಂಗಡಿಯಲ್ಲಿ ಒಂದು ಸೆಟ್ಟಿನ ಕೆಲಸ ಬಹಳ ಚೆನ್ನಾಗಿ ಕೂಡಿಬರುತ್ತಿದೆ. ಕೈ ತಾನಾಗಿ ನಡೆಯುತ್ತದೆ.

ಮಾರ್ಚ್ ೨೭, ಗುರುವಾರ

ಹೇಗೆ ಬರೆಯಲಿ.

ಬೆಳಿಗ್ಗೆ ಯಜಮಾನರು ನನ್ನ ಬೆಂಚಿನಿಂದ ಒಂದು ಸೆಟ್ಟು ಎತ್ತಿ ಹಿಡಿದು "ಇದು ಯಾವ ಡಾಕ್ಟರದಯ್ಯಾ? ಚೀಟಿ ಇಲ್ವಲ್ಲ. ಆದ್ರೂ ಭೇಷ್! ನೋಡು ಇದನ್ನ, ಈಗಲೋ ಆಗಲೋ ಮಾತಾಡೋ ಹಾಗಿದೆ" ಅಂದರು.

ಮೇಣದಲ್ಲಿ ಕೂರಿಸಿದ ಮೇಲ್ದವಡೆಯ ಸೆಟ್ಟು. ಚಿಕ್ಕ ಹಲ್ಲುಗಳು, ಒತ್ತೊತ್ತಾಗಿ. ಕೈ ನನ್ನದೇ, ಅನುಮಾನವಿಲ್ಲ. ಎಡಗಡೆಯ ಕೋರೆಹಲ್ಲನ್ನು ಎಳೆಯಷ್ಟು ಓರೆ ಮಾಡಿ ಕೂರಿಸುವವನು ಇಲ್ಲಿ ನಾನೊಬ್ಬನೇ. ವಾರವೆಲ್ಲ ಇದನ್ನೇ ಮಾಡುತ್ತಿದ್ದೆ. ಯಾರದೋ ಕೆಲಸ ಎಂದುಕೊಂಡಿದ್ದೆ. ಯಾರದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಚ್ಚನ್ನು ತಿರುಗಿಸಿ ತಳ ನೋಡಿದೆ. ಪೆನ್ಸಿಲಿನ ಏಣಿ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕೆಲವರು ಉಳಿದ ಹಲ್ಲು ಕೀಳಿಸಿಕೊಂಡ ದಿನವೇ ಹೊಸ ಸೆಟ್ಟು ಹಾಕಿಸಿಕೊಳ್ಳುತ್ತಾರೆ. ಅಂಥವರಿಗೆ ನಾವು ಮುಂಚೆಯೇ ಅಚ್ಚಿನ ಮೇಲಿನ ಪ್ಲಾಸ್ಟರ್ ಹಲ್ಲುಗಳನ್ನು ಗರಗಸದಲ್ಲಿ ಕೊಯ್ದು, ವಸಡನ್ನು ಉಜ್ಜಿ ನುಣ್ಣಗೆ ಮಾಡಿ, ಆ ಬರಿದಾದ ಜಾಗದಲ್ಲಿ ಹೊಸ ಹಲ್ಲು ಕೂರಿಸುತ್ತೇವೆ. ನಾನು ಅವನ ಹಲ್ಲುಗಳನ್ನು ಕೊಯ್ದಿದ್ದೆ. ಮುರಿದ ಹಲ್ಲನ್ನೂ. ಅವನ ಬಾಯನ್ನು ಬೋಳು ಮಾಡಿ ಅಲ್ಲಿ ಅವಳ ಹಲ್ಲು ಇಟ್ಟಿದ್ದೆ.

ಪ್ಲಾಸ್ಟರ್ ಕಸದ ತೊಟ್ಟಿಗೆ ಕೈ ಹಾಕಿ ತೋಳಿನವರೆಗೂ ಹುಡುಕಿದೆ. ಎಲ್ಲ ನೀರು ಕುಡಿದು ಕೆಸರಾಗಿ ಗಟ್ಟಿಯಾಗಿತ್ತು. "ಏನಾಯ್ತು, ಉಂಗುರ ಬಿತ್ತಾ?" ಎಂದು ಮೇಣದವಳು ಓಡಿಬಂದಳು.

ಕೆಳದವಡೆಯ ಅಚ್ಚು ಇನ್ನೂ ಕಪಾಟಿನಲ್ಲೇ ಇದೆ, ಚೀಲಗಳ ಹಿಂದೆ. ಅದನ್ನು ಮುಟ್ಟಿಲ್ಲ. ಮುಟ್ಟಿಲ್ಲ ಎಂದು ಸ್ಟೂಲು ಹತ್ತಿ ನೋಡಿಕೊಂಡು ಬಂದೆ. ಮತ್ತೆ ಹತ್ತಿ ನೋಡಿದೆ.

ಮನೆಗೆ ಹೋಗಲು ಕಾಲು ಬರಲಿಲ್ಲ. ಹೋದೆ. ದೀಪ ಹಚ್ಚಿತ್ತು. ಇವತ್ತು ನಾನು ಏಣಿಯ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಇಷ್ಟು ದಿನ ಒಮ್ಮೆಯೂ ಕೂಗಿರಲಿಲ್ಲ ಎಂದು ಆಗ ಗೊತ್ತಾಯಿತು. ಒಳಗಿನಿಂದ ಕಟ್.

ಮಾರ್ಚ್ ೨೯, ಶನಿವಾರ

ಯಜಮಾನರು ಊಟಕ್ಕೆ ಹೋದಾಗ ಮೇಣದವಳ ಬೆಂಚಿನ ಹತ್ತಿರ ಹೋದೆ.

"ನಿಮಗೆ ಒಂದು ಮಾತು ಹೇಳಬೇಕು."

"ಏನು, ಕ್ಲಿಪ್ಪು ಹಿಡಿಸ್ಲಿಲ್ವಾ ಆಕೆಗೆ?"

"ಆಕೆ ಇಲ್ಲ."

"ಅಯ್ಯೋ. ಬಿಟ್ಟುಹೋದ್ರಾ?"

"ಇರಲೇ ಇಲ್ಲ."

ಅವಳು ಮೇಣದ ಚಾಕುವನ್ನು ದೀಪದ ಉರಿಗೆ ಹಿಡಿದಿದ್ದಳು. ಹಿಡಿದೇ ಇದ್ದಳು.

"ಇದ್ದದ್ದು ಅವನು. ಗಾಜಿನವನು. ಸತ್ತನಲ್ಲ, ಅವನು ರೂಮಿನವನಲ್ಲ, ನನ್ನವನು. ನಾನು ಹೆಂಗಸರನ್ನ ಆ ರೀತಿ ನೋಡೋನಲ್ಲ, ಯಾವತ್ತೂ ನೋಡಿದವನಲ್ಲ. ಅದನ್ನ ಹೇಳೋಕೆ ಧೈರ್ಯ ಬರಲಿಲ್ಲ, ಅದಕ್ಕೆ ಸುಳ್ಳು ಹೇಳಿದೆ. ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಆದ್ರೆ ನನ್ನ ಉತ್ತರ ಇಲ್ಲ ಅಂತಲೇ. ಇವತ್ತೂ ಇಲ್ಲ, ಮುಂದೂ ಇಲ್ಲ. ಕ್ಷಮಿಸಿ."

ಚಾಕುವಿನ ಮೇಣ ಹೊಗೆಯಾಡಿತು. ಅವಳು ಅದನ್ನು ಕೆಳಗಿಟ್ಟಳು.

"ನಾನು ಆ ಹೆಂಗಸಿನ ಜೊತೆ ಪೈಪೋಟಿ ಮಾಡ್ತಿದ್ದೆ, ಗೊತ್ತಾ? ಕನ್ನಡಿ ಮುಂದೆ ನಿಂತು ನನ್ನ ಹಲ್ಲು ದೊಡ್ಡದು ಅಂತ ಅತ್ತಿದೀನಿ. ಹಲ್ಲು ದೊಡ್ಡದು ಅಂತ! ಈ ವಯಸ್ಸಲ್ಲಿ!" ಮೂಗು ಒರೆಸಿಕೊಂಡಳು. "ಇಲ್ಲ ಅಂತ ಆವತ್ತೇ ಅಂದಿದ್ರೆ ಒಂದು ಸಂಜೆ ಅತ್ತು ಎದ್ದುಬಿಡ್ತಿದ್ದೆ. ನಿಮ್ಮ ಮರ್ಯಾದೆಯಿಂದ ಎಷ್ಟು ತೊಂದರೆ ಆಯ್ತು ನೋಡಿ."

"ಆಯ್ತು," ಅಂದೆ. ಎಷ್ಟೆಂದು ಅವಳಿಗೆ ಗೊತ್ತಿಲ್ಲ.

ದೀಪದ ಉರಿ ಆರಿಸಿದಳು. ಆಮೇಲೆ, "ಗಾಜು ಹಾಕೋವಾಗ ಸಿಳ್ಳೆ ಹಾಕ್ತಿದ್ರು ಆ ಮನುಷ್ಯ. ಒಂದೇ ರಾಗ, ಅದೂ ತಪ್ಪು ತಪ್ಪು" ಎಂದಳು.

ಅವನು ಹೀಗಿದ್ದ ಎಂದು ಇನ್ನೊಬ್ಬರ ಬಾಯಿಂದ ಕೇಳಿದ ಮೊದಲ ಮಾತು ಅದು. ಬೆಂಚು ಹಿಡಿದುಕೊಂಡು ಅತ್ತೆ. ಅವಳು ನನ್ನನ್ನು ಮುಟ್ಟಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ನಿಂತುಕೊಂಡಳು, ಯಾರೂ ಒಳಗೆ ಬರದ ಹಾಗೆ.

ಆಮೇಲೆ ಆ ಸೆಟ್ಟನ್ನು ತೋರಿಸಿದೆ. ನಾನು ಏನು ಮಾಡಿದೆ ಎಂಬುದನ್ನೂ ಹೇಳಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ತಕ್ಷಣ ಕೆಳಗಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. "ಕುದಿಸಿಬಿಡೋಣ" ಎಂದಳು. ಮೇಣ ಕರಗಿಸುವ ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಿದಳು. ಮೇಣ ಬಿಟ್ಟುಕೊಂಡು ಮೇಲೆ ತೇಲಿತು, ಹಲ್ಲುಗಳು ಒಂದೊಂದಾಗಿ ತಳಕ್ಕೆ ಬಿದ್ದವು. ಸೋಸಿ ತೆಗೆದೆವು. ಎಲ್ಲ ಕಾರ್ಖಾನೆಯ ಹೊಸ ಹಲ್ಲು. ಮುಂದಿನದರ ಅಂಚಿನಲ್ಲಿ ಮಾತ್ರ ಒಂದು ಕಚ್ಚು. ಆ ಕಚ್ಚಿಗೆ ಕೆಂಪು ದಾರದ ಒಂದು ಎಳೆ ಸಿಕ್ಕಿಕೊಂಡಿತ್ತು.

"ಸೋಸೋ ಬಟ್ಟೆಯದು," ಎಂದಳು ಮೇಣದವಳು.

ಸೋಸುವ ಬಟ್ಟೆ ಬಿಳಿಯದು. ಇಬ್ಬರೂ ಅದನ್ನು ಹೇಳಲಿಲ್ಲ.

ಮಾರ್ಚ್ ೩೦, ಭಾನುವಾರ

ಹಗಲಿನಲ್ಲಿಯೇ ಹೇಳಬೇಕೆಂದು ನಿಶ್ಚಯ ಮಾಡಿಕೊಂಡೆ. ಬಿಸಿಲು ಮುಂದಿನ ಕೋಣೆಯ ಅರ್ಧಕ್ಕೆ ಬಂದಿತ್ತು. ಒಳಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಕಟ್, ಕಟ್ ನಡೆದೇ ಇತ್ತು. ಕುರ್ಚಿ ಎಳೆದುಕೊಂಡು ಬಾಗಿಲಿಗೆ ಬೆನ್ನು ಮಾಡಿ ಕೂತೆ. ನೋಡುವ ಧೈರ್ಯ ಇರಲಿಲ್ಲ. ನೋಡಿದರೆ ಮರ್ಯಾದೆಯೂ ಅಲ್ಲ ಅನ್ನಿಸಿತು.

ಹೇಳಿದ್ದು ಇಷ್ಟು. ನೆನಪಿರುವ ಹಾಗೆ ಬರೆಯುತ್ತೇನೆ.

"ನಿಮ್ಮ ತಪ್ಪು ಏನೂ ಇಲ್ಲ. ನಾನೇ ಕರೆದೆ. ನನ್ನ ಅನುಕೂಲಕ್ಕೆ ಕರೆದೆ, ನಿಮ್ಮನ್ನ ಒಂದು ಮಾತು ಕೇಳಲೂ ಇಲ್ಲ. ನೀವು ಬಂದ್ರಿ. ಗುಂಡಿ ಹೊಲಿದ್ರಿ, ದೀಪ ಹಚ್ಚಿದ್ರಿ, ನನ್ನನ್ನ ಚೆನ್ನಾಗಿಯೇ ನೋಡಿಕೊಂಡ್ರಿ. ಆದ್ರೆ ನನಗೆ ನೀವು ಬೇಡ. ನನ್ನ ಮನಸ್ಸು ಹೆಂಗಸಿನ ಕಡೆ ಬರೋದಿಲ್ಲ. ಬರೋದಿದ್ರೂ ಈ ಮನೇಲಿ ಜಾಗ ಇಲ್ಲ. ಇದು ಅವನ ಮನೆ. ಅವನು ಬರೋದಿಲ್ಲ ಅಂತ ಗೊತ್ತು. ಬರದಿದ್ರೂ ಅವನದೇ. ದಯವಿಟ್ಟು ಹೋಗಿಬನ್ನಿ."

ಹೋಗಿಬನ್ನಿ ಅಂದದ್ದು ತಪ್ಪಾಯಿತು ಎಂದು ತಕ್ಷಣ ಹೊಳೆಯಿತು. "ಹೋಗಿ," ಎಂದು ತಿದ್ದಿಕೊಂಡೆ. "ಮತ್ತೆ ಬರಬೇಡಿ."

ಕಟ್ ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ನನ್ನ ಕುತ್ತಿಗೆಯ ಹಿಂದೆ, ಬಹಳ ಹತ್ತಿರದಲ್ಲಿ, ತಣ್ಣಗೆ ಉಸಿರು ತಾಗಿತು. ಅಂಗಿಯ ಕತ್ತಿನ ಗುಂಡಿ ಇನ್ನಷ್ಟು ಬಿಗಿಯಿತು. ನಾನು ಅಲ್ಲಾಡಲಿಲ್ಲ.

ಮಾತು ಕಡಿಮೆ ಎಂದು ನಾನೇ ಹೇಳಿದ್ದೆನಲ್ಲ. ಒಂದೇ ಮಾತು ಆಡಿದಳು. ಸಣ್ಣ ದನಿ, ಹೊಸಬರ ಮನೆಯಲ್ಲಿ ಕೇಳುವ ಹಾಗೆ.

"ಕತ್ತರಿ ಇದ್ರೆ ಕೊಡ್ತೀರಾ?"

ಎದ್ದು ಅಡುಗೆಮನೆಯಿಂದ ಕತ್ತರಿ ತಂದೆ. ನೆಲ ನೋಡಿಕೊಂಡೇ ಒಳಕೋಣೆಯ ಹೊಸ್ತಿಲ ಮೇಲೆ ಇಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಒಳಗೆ ಕತ್ತರಿ ಒಂದೇ ಸಲ ಆಡಿದ ಸದ್ದು. ನನ್ನ ಕತ್ತಿನ ಗುಂಡಿ ಕಳಚಿ ಮೆಟ್ಟಿಲ ಮೇಲೆ ಉರುಳಿತು.

ಒಳಗೆ ಬಂದಾಗ ಕತ್ತರಿ ಇಟ್ಟಲ್ಲೇ ಇತ್ತು. ಹಿಂದಿನ ಕಿಟಕಿ ತೆರೆದಿತ್ತು. ಕಾಗದ ಮಡಿಸಿ ನಾನೇ ಸಂದಿಗೆ ತುರುಕಿದೆ, ಅವನು ತುರುಕುತ್ತಿದ್ದ ಹಾಗೆ. ಹೊಸದೊಂದು ಸಿಗರೇಟು ಪೊಟ್ಟಣ ತಂದು, ಹಚ್ಚದೆ, ದಿಂಬಿನ ಪಕ್ಕ ಇಟ್ಟು ಮಲಗಿದೆ. ಅದು ಅವನ ವಾಸನೆಯಲ್ಲ. ಇರಲಿ.

ಏಪ್ರಿಲ್ ೨, ಬುಧವಾರ

ಪೆಟ್ಟಿಗೆಯವನನ್ನು ಹಿತ್ತಲಿನಲ್ಲಿ ಹಿಡಿದೆ.

"ಆವತ್ತು ಸುಳ್ಳು ಹೇಳಿದೆ."

"ಗೊತ್ತಿತ್ತು."

"ಈಗ ನಿಜ ಹೇಳ್ತೀನಿ. ನಾನು ಅಂಥವನೇ. ಅವನು ನನ್ನವನೇ. ಆದ್ರೂ ಬೇಡ."

"ಒಳ್ಳೇ ಕಥೆ!" ಎಂದು ನಕ್ಕ. "ಸುಳ್ಳಿನಲ್ಲಾದ್ರೂ ಅಡ್ಡಕ್ಕೆ ಒಬ್ಬ ಹೆಂಗಸಿದ್ದಳು. ಈಗ ನಾನೇ ಸರಿ ಇಲ್ಲ ಅಂದ ಹಾಗಾಯ್ತು."

"ನೀವು ಸರಿಯಾಗಿಯೇ ಇದ್ದೀರಿ. ಸ್ಟೂಲ್ ಹಾಕೋಕೆ ಜಾಗ ಇಲ್ಲ, ಅಷ್ಟೇ. ಅವನು ಉದ್ದ. ಜಾಗ ಎಲ್ಲಾ ಅವನಿಗೇ ಬೇಕು."

ತಲೆ ಆಡಿಸಿದ. ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ಆವತ್ತಿನ ಹಾಗೆ ಸಣ್ಣದಾಗಲಿಲ್ಲ. "ಟೀ?" ಎಂದ. "ಟೀ ಆಗಬಹುದು" ಎಂದೆ. ಸೇತುವೆ ಮೇಲೆ ನಮ್ಮನ್ನು ನೋಡಿದ ದಿನ ಏಣಿ ಯಾವ ಅಂಗಿ ಹಾಕಿದ್ದ, ನಗುತ್ತಿದ್ದನೇ ಎಂದು ಕೇಳಿದೆ. ನೆನಪಿದ್ದಷ್ಟನ್ನು ಹೇಳಿದ. ಒಂದೆರಡು ಸೇರಿಸಿ ಹೇಳಿದ ಅಂತ ಕಾಣುತ್ತದೆ. ಬೇಡ ಅನ್ನಲಿಲ್ಲ.

ಪ್ಯಾಂಟುಗಳೆಲ್ಲ ಒಗೆತಕ್ಕೆ ಕುಗ್ಗಿವೆ. ಕಣಕಾಲು ಕಾಣುತ್ತದೆ. ಅಂಚು ಬಿಚ್ಚಿಸಬೇಕು.

ಏಪ್ರಿಲ್ ೫, ಶನಿವಾರ

ಇವತ್ತು ಅಂಗಡಿಯ ಹಳೆಯ ಅಚ್ಚುಗಳನ್ನೆಲ್ಲ ಕಸಕ್ಕೆ ಹಾಕಿಸಿದರು. ಅದಕ್ಕೆ ಮುಂಚೆಯೇ ಅವನ ಕೆಳದವಡೆಯನ್ನು ತೆಗೆದಿಟ್ಟುಕೊಂಡೆ. ಸ್ಟೂಲನ್ನು ಯಾರೋ ಒಯ್ದಿದ್ದರು, ಕೈ ಚಾಚಿಯೇ ತೆಗೆದೆ. ಮೇಣದವಳು ತನ್ನ ಕರವಸ್ತ್ರದಲ್ಲಿ ಸುತ್ತಿಕೊಟ್ಟಳು. "ಜೋಪಾನ, ಬೀಳಿಸಿಬಿಟ್ಟೀರಿ" ಎಂದಳು. ಸಿಳ್ಳೆಯ ರಾಗ ಯಾವುದೆಂದು ಕೇಳಿದ್ದಕ್ಕೆ ಹಾಡಿಯೂ ತೋರಿಸಿದಳು. ಹೌದು, ತಪ್ಪು ತಪ್ಪು. ಅದೇ.

ಸೇತುವೆಯ ಮೇಲಿಂದ ಬಂದೆ. ಅಚ್ಚನ್ನು ಕನ್ನಡಿಯ ಮುಂದೆ ಇಟ್ಟಿದ್ದೇನೆ. ಮೇಲಿನದು ಇಲ್ಲದೆ ಅರ್ಧ ನಗು. ಫೋಟೋಗಿಂತ ವಾಸಿ.

ಒಳಗೆ ಬರುವಾಗ ಚೌಕಟ್ಟಿಗೆ ಠಪ್ಪಂತ ತಲೆ ಹೊಡೆಯಿತು. ಬಗ್ಗಬೇಕಿತ್ತು, ಮರೆತೆ. ನೋವೇನಿಲ್ಲ. ಟೀಗೆ ಇಟ್ಟಿದ್ದೇನೆ.